ನಾಲ್ಕನೆಯ ಫ್ಯೂಸು

ನಂಜನಗೂಡು
10 ಜೂನ್ 2001

ಪ್ರೀತಿಯ ದೊಡ್ಡಪ್ಪನಿಗೆ,

ಮಂಡಿ ನೋವು ಹೇಗಿದೆ? ಮುದ್ದಮ್ಮ ದೊಡ್ಡಮ್ಮ ಕಟ್ಟಿದ ಸೊಪ್ಪಿನಿಂದ ಗುಣ ಕಂಡಿತೋ, ಇಲ್ಲ ಅವರಿಗೆ ಬೇಜಾರಾಗದಿರಲಿ ಎಂದು ಕಟ್ಟಿಸಿಕೊಂಡು ಕೂತಿದ್ದೀರೋ? ಅಮ್ಮ ಚೆನ್ನಾಗಿದ್ದಾಳೆ. ಹೊಸ ಮನೆಗೆ ಬಂದು ಎರಡು ತಿಂಗಳಾದರೂ ಮೆಟ್ಟಿಲು ಹತ್ತುವಾಗಲೆಲ್ಲ ಎಣಿಸುತ್ತಾಳೆ.

ಮೊನ್ನೆ ನಿಮ್ಮ ಬೀದಿಯ ಬೂತಿಗೆ ಫೋನ್ ಮಾಡಿ ಕರೆಸಿದ್ದೆ. ನಾನು ಬಲ್ಬಿನ ಮಾತು ಎತ್ತುತ್ತಿದ್ದಂತೆಯೇ, "ಕರೆಂಟಿನ ಇಸ್ಯ ಫೋನಲ್ಲಿ ಬ್ಯಾಡ ಕಣವ್ವ. ನಾನೊಂದು ಏಳುದ್ರೆ ನೀವಿನ್ನೊಂದ ಮಾಡ್ತೀರಿ. ಬರ್ದು ಕಳ್ಸು" ಎಂದು ಇಟ್ಟುಬಿಟ್ಟಿರಿ. ಸರಿ, ಬರೆಯುತ್ತಿದ್ದೇನೆ.

ನಮ್ಮ ಕಟ್ಟಡದಲ್ಲಿ ಮೂರು ಅಂತಸ್ತು, ಅಂತಸ್ತಿಗೆ ಮೂರರಂತೆ ಒಂಬತ್ತು ಮನೆ. ನಮ್ಮದು ನಡುವಿನ ಅಂತಸ್ತಿನಲ್ಲಿ ಐದನೇ ನಂಬರು. ನೆಲ ಅಂತಸ್ತಿನ ಮೂರನೇ ನಂಬರಿನಲ್ಲಿ ಚನ್ನಬಸಮ್ಮ ಎನ್ನುವವರಿದ್ದಾರೆ. ಹದಿನೈದು ದಿನದಿಂದ ಬೆಳಿಗ್ಗೆ ಆರೂವರೆಗೆ ಸರಿಯಾಗಿ ನಮ್ಮ ಅಡುಗೆಮನೆಯ ಬಲ್ಬು ಕಣ್ಣು ಕುಕ್ಕುವಷ್ಟು ಉರಿಯುತ್ತದೆ. ಆರು ಐವತ್ತಕ್ಕೆ ಮತ್ತೆ ಮೊದಲಿನಂತೆ. ಕರೆಂಟ್ ಬೋರ್ಡಿನವರು ಗಡಿಯಾರ ನೋಡಿಕೊಂಡು ಕರೆಂಟು ಹೆಚ್ಚಿಸುತ್ತಾರೆಯೇ ಎಂದು ತಲೆ ಕೆಡಿಸಿಕೊಂಡಿದ್ದೆ. ಆಗ ಚನ್ನಬಸಮ್ಮ ಮೇಲೆ ಬಂದರು. ಒಳಗೆ ಕರೆದರೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಹೇಳಿದರು:

"ನಾನು ಗೀಜರ್ ಆಕುದ್ರೆ ನಮ್ಮನೆ ದೀಪ ಮಂಕಾಯ್ತದೆ, ನಿಮ್ಮನೇದು ಜಗಜಗ ಅಂತದೆ. ಕಿಟಕೀಲಿ ನೋಡಿವ್ನಿ. ನಮ್ ಕರೆಂಟು ನಿಮ್ಮನೆಗೆ ಬತ್ತಾ ಅದೆ ಕಣವ್ವ. ಅದೇನ್ ಮಾಡ್ಕೊಂಡಿದ್ದೀರೋ ನೀವು."

ನನಗೆ ಸಿಟ್ಟು ಬಂತು. ಅಮ್ಮನಿಗೆ ಅಳುವೇ ಬಂತು. ಆದರೆ ದೊಡ್ಡಪ್ಪ, ಮಾರನೆ ದಿನ ಕೆಳಗೆ ಹೋಗಿ ನೋಡಿದರೆ ಆಕೆ ಹೇಳಿದ್ದು ನಿಜ! ತಾಂಡ್ಯದ ಫ್ಯಾಕ್ಟರಿಯ ಲ್ಯಾಬಿನಲ್ಲಿ ದಿನವಿಡೀ ಟೆಸ್ಟ್ ಮಾಡಿಕೊಂಡಿರುವ ನನಗೆ ಇದು ಅರ್ಥವಾಗದೆ ನಿದ್ದೆ ಬರುತ್ತಿಲ್ಲ. ಆಕೆಯ ಗೀಜರಿಗೂ ನಮ್ಮ ಬಲ್ಬಿಗೂ ಏನು ನಂಟು?

ನಿಮ್ಮ
ಕೋಮಲ


ತಿರುಮಕೂಡಲು ನರಸೀಪುರ
17 ಜೂನ್ 2001

ಮಗಳೇ ಕೋಮಲ,

ಕಪಿಲೆ ನಿಮ್ಮೂರಿನಿಂದ ನಮ್ಮೂರಿಗೆ ನೆಟ್ಟಗೆ ಬರುತ್ತಾಳೆ, ನಿನ್ನ ಕಾಗದ ಮಾತ್ರ ಮೈಸೂರು ಸುತ್ತಿಕೊಂಡು ಐದು ದಿನಕ್ಕೆ ಬಂತು. ಮಂಡಿ ಹಾಗೇ ಇದೆ. ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿದ್ದರೆ ನಾನೇ ಬರುತ್ತಿದ್ದೆ.

ಮೊದಲು ನಿನ್ನ ಅಮ್ಮನಿಗೆ ಹೇಳು, ಯಾರ ಕರೆಂಟನ್ನೂ ನೀವು ಕದ್ದಿಲ್ಲ. ಕದ್ದವನ ಮನೆಯ ದೀಪ ಜಗಜಗ ಎನ್ನುವುದಿಲ್ಲ. ಮೂವತ್ತೊಂದು ವರ್ಷ ಲೈನ್‌ಮನ್ ಆಗಿ ಎಂಥೆಂಥ ಕಳ್ಳತನ ಹಿಡಿದಿದ್ದೇನೆ, ನನಗೆ ಗೊತ್ತಿಲ್ಲವೇ? ಆಕೆ ಹೊಸ್ತಿಲಾಚೆ ನಿಂತದ್ದಕ್ಕೂ ಬೇಜಾರು ಮಾಡಿಕೊಳ್ಳಬೇಡ. ಮನೆಯೊಳಗೆ ಕಾಲಿಡಬೇಡ ಎಂದವರೇ ಫ್ಯೂಸ್ ಹೋದ ದಿನ ದೇವರ ಮನೆಯ ಗೋಡೆಯವರೆಗೂ ನನ್ನನ್ನು ಕರೆದುಕೊಂಡು ಹೋಗಿದ್ದಾರೆ.

ಈಗ ಒಂದು ಕೆಲಸ ಮಾಡು. ಯಾವ ತಂತಿಯನ್ನೂ ಮುಟ್ಟಬೇಡ. ಒಂದು ಹಾಳೆಯಲ್ಲಿ ಒಂಬತ್ತು ಮನೆಗೆ ಒಂಬತ್ತು ಚೌಕ ಬರೆದುಕೊ. ಮೂರನೇ ನಂಬರಿನ ಗೀಜರ್ ಹಾಕಿಸು, ಯಾವ ಯಾವ ಮನೆಯ ದೀಪ ಮಂಕಾಗುತ್ತದೆ, ಯಾವ ಮನೆಯದು ಏರುತ್ತದೆ ಬರೆ. ಆಮೇಲೆ ನಿನ್ನ ಮನೆಯ ಇಸ್ತ್ರಿಪೆಟ್ಟಿಗೆ ಹಾಕಿ ನೋಡು. ಆಮೇಲೆ ಇನ್ನೊಬ್ಬರದು. ಚನ್ನಬಸಮ್ಮನವರನ್ನೇ ಜೊತೆಗೆ ಕರೆದುಕೊ. ಅನುಮಾನ ಪಡುವವರಿಗೆ ಕೆಲಸ ಕೊಟ್ಟರೆ ಅನುಮಾನ ಕಡಿಮೆಯಾಗುತ್ತದೆ.

ದೊಡ್ಡಪ್ಪ
ಮಾರಯ್ಯ


ನಂಜನಗೂಡು
2 ಜುಲೈ 2001

ದೊಡ್ಡಪ್ಪ,

ನಿನ್ನೆ ಭಾನುವಾರ ನಮ್ಮ ಕಟ್ಟಡದಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು! ನಾನು ಹಾಳೆ ಹಿಡಿದು ಮೆಟ್ಟಿಲ ಮೇಲೆ ನಿಂತೆ. ಚನ್ನಬಸಮ್ಮ ಸೆರಗು ಸಿಕ್ಕಿಸಿಕೊಂಡು ಕೆಳಗಿನಿಂದ "ಆಕ್ದೇ... ಆರುಸ್ದೇ..." ಎಂದು ಕೂಗುತ್ತಿದ್ದರು. ಒಂಬತ್ತು ಮನೆಯವರೂ ಬಾಗಿಲು ತೆರೆದು ತಮ್ಮ ತಮ್ಮ ಬಲ್ಬನ್ನು ನೋಡುತ್ತ "ನಮ್ದು ಇಳೀತು", "ನಮ್ದು ಏರ್ತು" ಎಂದು ಕೂಗಿದರು. ಚೆಂಡಿನಾಟಕ್ಕೂ ಇಷ್ಟು ಗದ್ದಲ ಇರುವುದಿಲ್ಲ.

ಹಾಳೆಯನ್ನು ಜೊತೆಗೆ ಇಟ್ಟಿದ್ದೇನೆ. 3, 6, 9 ಒಟ್ಟಿಗೆ ಇಳಿಯುತ್ತವೆ, ಒಟ್ಟಿಗೆ ಏರುತ್ತವೆ. ಅವಕ್ಕೆ ಕೆಂಪು ಬಣ್ಣ ಹಚ್ಚಿದ್ದೇನೆ. ನಮ್ಮ 5, ನಮ್ಮ ಕೆಳಗಿನ 2, ಮೇಲಿನ 8 ಒಂದು ಗುಂಪು, ಹಳದಿ. 1, 4, 7 ನೀಲಿ. ಕೆಂಪಿನವರು ಗೀಜರ್ ಹಾಕಿದರೆ ಹಳದಿ, ನೀಲಿ ಎರಡೂ ಏರುತ್ತವೆ. ನಾನು ಇಸ್ತ್ರಿಪೆಟ್ಟಿಗೆ ಹಾಕಿದಾಗ ನಮ್ಮದು ಇಳಿದು ಚನ್ನಬಸಮ್ಮನವರದು ಏರಿತು. ಆಕೆ ನಿಂತಲ್ಲೇ ನಿಂತು, "ಅಯ್ಯೋ, ಅಂಗಾರೆ ನಾನೂ ನಿಮ್ದ ಕದ್ದಂಗಾಯ್ತಲ್ಲ!" ಎಂದು ಜೋರಾಗಿ ನಕ್ಕರು. ಅಮ್ಮನೂ ನಕ್ಕಳು.

ಆದರೆ ಏಕೆ ಮೂರು ಗುಂಪು? ಒಂದರ ಮೇಲೊಂದು ಇರುವ ಮನೆಗಳೇ ಏಕೆ ಒಂದು ಗುಂಪು? ಬೇಗ ಬರೆಯಿರಿ. ಕಾದು ಕೂತಿದ್ದೇನೆ.

ಕೋಮಲ


ತಿರುಮಕೂಡಲು ನರಸೀಪುರ
9 ಜುಲೈ 2001

ಮಗಳೇ,

ನಿನ್ನ ಬಣ್ಣದ ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ. ನಿನ್ನ ದೊಡ್ಡಮ್ಮ ಯಾವುದೋ ರಂಗೋಲಿ ಎಂದುಕೊಂಡಿದ್ದಾಳೆ. ನಿನ್ನ ಅಪ್ಪ ಇದ್ದಿದ್ದರೆ ಊರೆಲ್ಲ ತೋರಿಸಿಕೊಂಡು ಬರುತ್ತಿದ್ದ.

ಕೇಳು. ಬೀದಿಯ ಕಂಬದಿಂದ ನಿಮ್ಮ ಕಟ್ಟಡಕ್ಕೆ ಮೂರು ತಂತಿಗಳಲ್ಲಿ ಕರೆಂಟು ಬರುತ್ತದೆ. ಒಂದೊಂದಕ್ಕೆ ಫೇಸ್ ಎನ್ನುತ್ತಾರೆ. ಒಂದೇ ತಂತಿಯ ಮೇಲೆ ಎಲ್ಲ ಭಾರ ಬೀಳಬಾರದೆಂದು ಮನೆಗಳನ್ನು ಮೂರು ಪಾಲು ಮಾಡುತ್ತಾರೆ. ವೈರಿಂಗ್ ಮಾಡಿದವನು ಪೈಪನ್ನು ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಎಳೆದಿದ್ದಾನೆ, ಅದಕ್ಕೇ ಒಂದರ ಮೇಲೊಂದಿರುವ ಮನೆಗಳು ಒಂದು ಪಾಲಿಗೆ ಬಿದ್ದಿವೆ. ಇಲ್ಲಿಯವರೆಗೆ ತಪ್ಪಿಲ್ಲ.

ಆದರೆ ಹೋದ ಕರೆಂಟು ಹಿಂದಕ್ಕೆ ಬರಬೇಕಲ್ಲ? ಅದಕ್ಕೆ ಒಂಬತ್ತು ಮನೆಗೂ ಸೇರಿ ಒಂದೇ ತಂತಿ. ಅದೇ ನ್ಯೂಟ್ರಲ್. ಅದು ಗಟ್ಟಿಯಾಗಿದ್ದರೆ ಒಬ್ಬರ ಸಂಗತಿ ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ. ಅದು ಎಲ್ಲೋ ಸಡಿಲವಾದರೆ ಮನೆಗಳು ತಮ್ಮತಮ್ಮಲ್ಲೇ ಎಳೆದಾಡಿಕೊಳ್ಳುತ್ತವೆ. ಹೆಚ್ಚು ಬಳಸುವ ಪಾಲಿಗೆ ವೋಲ್ಟೇಜು ಇಳಿಯುತ್ತದೆ, ಉಳಿದವರಿಗೆ ಏರುತ್ತದೆ.

ಸಡಿಲ ಎಲ್ಲಿದೆ ಎಂದು ತಿಳಿಯಬೇಕು. ಕಂಬದಲ್ಲಿದ್ದರೆ ಬೋರ್ಡಿನವರ ಕೆಲಸ, ಕಟ್ಟಡದೊಳಗಿದ್ದರೆ ಕಟ್ಟಿಸಿದವನ ಕೆಲಸ. ಇಂಥ ಕಟ್ಟಡದಲ್ಲಿ ಕರೆಂಟು ಒಂದೇ ಕಡೆಯಿಂದ ಒಳಗೆ ಬರಬೇಕು, ಎಲ್ಲ ಮೀಟರೂ ಕೆಳಗೆ ಒಂದೇ ಕಡೆ ಇರಬೇಕು, ಮೆಟ್ಟಿಲ ದೀಪಕ್ಕೂ ಪಂಪಿಗೂ ಬೇರೆ ಮೀಟರ್ ಇರಬೇಕು. ಆ ಜಾಗಕ್ಕೆ ಹೋಗು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲು. ಮೀಟರುಗಳಿಗಿಂತ ಮುಂಚೆ, ಕರೆಂಟು ಒಳಗೆ ಬರುವಲ್ಲಿ, ಪಿಂಗಾಣಿಯ ದೊಡ್ಡ ಫ್ಯೂಸುಗಳಿರುತ್ತವೆ. ಎಷ್ಟಿವೆ ಎಣಿಸು. ಕಟ್ಟಡ ಯಾರು ಕಟ್ಟಿಸಿದ್ದು, ಯಾವಾಗ ಎಂದೂ ಬರೆ. ನಿನ್ನ ಕಾಗದ ಕೈಸೇರಿದ ದಿನವೇ ಉತ್ತರ ಹಾಕುತ್ತೇನೆ.

ದೊಡ್ಡಪ್ಪ


ನಂಜನಗೂಡು
15 ಜುಲೈ 2001

ದೊಡ್ಡಪ್ಪ,

ಬೆನ್ನ ಹಿಂದೆ ಕೈ ಕಟ್ಟಿಕೊಂಡು ಎಣಿಸಿದೆ. ಚನ್ನಬಸಮ್ಮನೂ ಹಾಗೇ ಕೈ ಕಟ್ಟಿಕೊಂಡು ನನ್ನ ಪಕ್ಕ ನಿಂತಿದ್ದರು. ಮೆಟ್ಟಿಲ ಕೆಳಗೆ ಹಸಿರು ಬಾಗಿಲಿನ ಗೂಡು, ಒಳಗೆ ಒಂದು ಹಳೆ ಸೈಕಲ್, ಎರಡು ಪೊರಕೆ, ಹತ್ತು ಮೀಟರ್. ಪಿಂಗಾಣಿಯ ದೊಡ್ಡ ಫ್ಯೂಸುಗಳು ನಾಲ್ಕು. ಮೂರು ಬೆಳ್ಳಗಿವೆ, ನಾಲ್ಕನೆಯದರ ಅಂಚು ಕಂದು ತಿರುಗಿದೆ.

ಕಟ್ಟಿಸಿದವರು ಶಿವಸ್ವಾಮಿ ಎಂಬುವರು. ನಿಮ್ಮೂರ ಕಡೆಯವರೇ ಅಂತೆ. ಕೆಲಸ ಮುಗಿದದ್ದು 1999ರ ಮಾರ್ಚಿನಲ್ಲಿ.

ನಾಲ್ಕು ಇರಬೇಕೋ, ಮೂರೋ? ಫೇಸು ಮೂರಾದರೆ ಫ್ಯೂಸು ನಾಲ್ಕೇಕೆ? ನನಗೆ ಏನೋ ಹೊಳೆದಂತಿದೆ, ಆದರೆ ನಿಮ್ಮ ಬಾಯಲ್ಲಿ ಕೇಳಬೇಕು.

ಕೋಮಲ


ನಂಜನಗೂಡು
3 ಆಗಸ್ಟ್ 2001

ದೊಡ್ಡಪ್ಪ,

ಕಾಗದ ತಲುಪಲಿಲ್ಲವೇ? ಕೈಸೇರಿದ ದಿನವೇ ಬರೆಯುತ್ತೇನೆ ಎಂದವರು ಹತ್ತೊಂಬತ್ತು ದಿನವಾದರೂ ಸುಮ್ಮನಿದ್ದೀರಿ. ಬೂತಿನವನು "ಅವ್ರು ಮನೇಲೇ ಅವ್ರೆ, ಫೋನಿಗೆ ಬರಲ್ಲ ಅಂತಾರೆ" ಎಂದ. ನಾನೇನಾದರೂ ತಪ್ಪು ಬರೆದೆನೇ?

ನಿನ್ನೆ ಸಂಜೆ ಚನ್ನಬಸಮ್ಮನವರ ಟಿ.ವಿ. ಸುಟ್ಟುಹೋಯಿತು. ಒಂದನೇ ನಂಬರಿನವರು ಎರಡು ಒಲೆ, ಗೀಜರ್ ಎಲ್ಲ ಒಟ್ಟಿಗೆ ಹಾಕಿದ್ದರಂತೆ. ನಮ್ಮ ಮನೆಯ ಬಲ್ಬು ಪಟ್ಟೆಂದು ಒಡೆದು ಅಮ್ಮನ ಕೂದಲ ಮೇಲೆ ಗಾಜಿನ ಚೂರು ಬಿತ್ತು. ಅಮ್ಮನಿಗೆ ಏನೂ ಆಗಲಿಲ್ಲ. ಆದರೆ ನನಗೆ ಭಯವಾಗಿದೆ.

ಕೋಮಲ


ತಿರುಮಕೂಡಲು ನರಸೀಪುರ
6 ಆಗಸ್ಟ್ 2001

ಕೋಮಲ,

ಈ ಕಾಗದವನ್ನು ನಿಮ್ಮೂರಿಗೆ ಹೊರಟಿರುವ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಓದಿದ ತಕ್ಷಣ ಒಂಬತ್ತು ಮನೆಯ ಮೇನ್ ಸ್ವಿಚ್ಚನ್ನೂ ಆರಿಸಲು ಹೇಳು. ಕರೆಂಟಿನವರ ಸೆಕ್ಷನ್ ಆಫೀಸಿಗೆ ಹೋಗಿ "ನ್ಯೂಟ್ರಲ್ಲಿಗೆ ಫ್ಯೂಸ್ ಹಾಕಿದ್ದಾರೆ, ಸಡಿಲವಾಗಿದೆ" ಎಂದು ಇಷ್ಟೇ ಬರೆದುಕೊಡು. ಅವರಿಗೆ ಅರ್ಥವಾಗುತ್ತದೆ.

ಮೂರು ಫೇಸಿಗೆ ಮೂರೇ ಫ್ಯೂಸು. ನ್ಯೂಟ್ರಲ್ಲಿಗೆ ಫ್ಯೂಸ್ ಹಾಕಕೂಡದು, ಅದು ಎಂದೂ ಕಡಿಯಕೂಡದ ತಂತಿ. ಹಳೆಯ ಒಂಟಿ ಮನೆಗಳಲ್ಲಿ ಎರಡೂ ತಂತಿಗೆ ಫ್ಯೂಸ್ ಹಾಕುವ ರೂಢಿಯೊಂದು ನಮ್ಮ ಕಡೆ ಇತ್ತು. ಅಲ್ಲಿ ಕಡಿದರೆ ದೀಪ ಆರುತ್ತದೆ, ಅಷ್ಟೆ. ಒಂಬತ್ತು ಮನೆಯ ಕಟ್ಟಡದಲ್ಲಿ ಕಡಿದರೆ ದೀಪ ಆರುವುದಿಲ್ಲ, ಒಂದು ಮನೆಗೆ ಬರುವ ವೋಲ್ಟೇಜು ಹೆಚ್ಚುಕಡಿಮೆ ಎರಡರಷ್ಟಾಗಬಹುದು. ಇದನ್ನು ಕಣ್ಣಾರೆ ನೋಡಿದ ಯಾವ ಮೇಸ್ತ್ರಿಯೂ ಬಿಡುತ್ತಿರಲಿಲ್ಲ. ವೈರಿಂಗ್ ಪರೀಕ್ಷಿಸಿ ವರದಿ ಕೊಡಬೇಕಾದವನು ನೋಡದೆ ಸಹಿ ಹಾಕಿದ್ದಾನೆ ಯಾವನೋ. ಅಂಥವನ ಪರ್ಮಿಟ್ ಹರಿದು ಕಪಿಲೆಗೆ ಹಾಕಬೇಕು.

ನನಗೆ ಜ್ವರ ಬಂದಿತ್ತು, ಅದಕ್ಕೆ ಬರೆಯಲಿಲ್ಲ.

ದೊಡ್ಡಪ್ಪ


ನಂಜನಗೂಡು
19 ಆಗಸ್ಟ್ 2001
(ಇದನ್ನು ಅಂಚೆಗೆ ಹಾಕುವುದಿಲ್ಲ)

ದೊಡ್ಡಪ್ಪ,

ನೀವು ಹೇಳಿದಂತೆಯೇ ಮಾಡಿದೆ. ಸೆಕ್ಷನ್ ಆಫೀಸಿನ ಜೂನಿಯರ್ ಇಂಜಿನಿಯರ್, ಜೆ.ಇ. ಮೇಡಂ ಅರ್ಧ ಗಂಟೆಯಲ್ಲಿ ಬಂದರು. ಫ್ಯೂಸ್ ಕಿತ್ತು ತಾತ್ಕಾಲಿಕವಾಗಿ ಗಟ್ಟಿ ತಂತಿ ಬಿಗಿಸಿದರು. ಅಪಾಯ ಸದ್ಯಕ್ಕೆ ಕಳೆದಿದೆ. ಆದರೆ ಫ್ಯೂಸು, ಮೀಟರುಗಳಿರುವ ಬೋರ್ಡನ್ನು ಪೂರ್ತಿ ಹೊಸದಾಗಿ ಮಾಡಿಸಬೇಕಂತೆ. ಸೆಪ್ಟೆಂಬರ್ ಹದಿನೈದರೊಳಗೆ ಆಗದಿದ್ದರೆ ಒಂಬತ್ತು ಮನೆಗೂ ಕರೆಂಟು ನಿಲ್ಲಿಸುತ್ತಾರಂತೆ.

ಶಿವಸ್ವಾಮಿಯವರನ್ನು ಕೇಳಿದರೆ, "ಪರ್ಮಿಟ್ ಇರೋರು ನೋಡಿ ಸಹಿ ಆಕವ್ರೆ. ನಂದೇನೈತೆ? ಓಗಿ ಅವ್ರನ್ನೇ ಕೇಳ್ಕೊಳ್ರಿ" ಎಂದರು. ಸಹಿ ಹಾಕಿದವರು ಬಂದು ನೋಡಿರಲೇ ಇಲ್ಲ ಎಂದು ಸಾಬೀತಾದರೆ ಮಾತ್ರ ರಿಪೇರಿ ಶಿವಸ್ವಾಮಿಯವರ ತಲೆಗೆ ಬರುತ್ತದೆ. ಅದಕ್ಕೇ ಕೆಲಸ ಮುಗಿದ ವರದಿಯ ನಕಲು ಕೇಳಿದೆ. ನಿನ್ನೆ ಸಿಕ್ಕಿತು.

"ಮೇಲಿನ ಕೆಲಸವನ್ನು ಸ್ವತಃ ಪರಿಶೀಲಿಸಿದ್ದೇನೆ" ಎಂಬ ಸಾಲಿನ ಕೆಳಗೆ ನಿಮ್ಮ ಸಹಿ. ಮಾ ಅಕ್ಷರದ ಬಾಲ ಕೆಳಗಿಳಿದು ಹೆಸರಿನ ಅಡಿಗೆ ಗೆರೆಯಾಗುವ ಸಹಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಅರ್ಜಿಯಲ್ಲಿ, ಹಾಸ್ಟೆಲ್ಲಿನ ಪುಸ್ತಕದಲ್ಲಿ, ಅಪ್ಪನಿಲ್ಲದ ಜಾಗದಲ್ಲೆಲ್ಲ ಇದ್ದ ಸಹಿ.

ಆಫೀಸಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ. ಸಿಟ್ಟು ಬಂತೋ, ಹೆದರಿಕೆಯೋ ಹೇಳಲಾರೆ. ನೀವು ಬೈದಿರಲ್ಲ ಆ ಯಾವನೋ, ಅದು ನೀವೇ ಎಂದು ನಿಮಗೆ ನೆನಪಿಲ್ಲವೇ? ಆ ದಿನ ನೂರು ಕಾಗದಗಳ ಮಧ್ಯೆ ಇದಕ್ಕೂ ಸಹಿ ಹಾಕಿ ಮರೆತಿರಾ? ನಾನು ಹೇಳಿದರೆ ನೀವು ತಡೆದುಕೊಳ್ಳುತ್ತೀರಾ? ನಮ್ಮ ಬೀದಿಯಲ್ಲಿ ವೈರಿಂಗ್ ಸೂಪರ್‌ವೈಸರ್ ಪರ್ಮಿಟ್ ಪಡೆದ ಮೊದಲ ಮನುಷ್ಯ ನೀವು. ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ದಿನ ನಾನು ಮೊಳೆ ಹಿಡಿದುಕೊಂಡಿದ್ದೆ.

ಈ ಕಾಗದವನ್ನು ಬೀರುವಿನ ಸೀರೆಗಳ ಕೆಳಗೆ ಇಡುತ್ತೇನೆ.


ನಂಜನಗೂಡು
22 ಆಗಸ್ಟ್ 2001

ದೊಡ್ಡಪ್ಪನಿಗೆ,

ನಿಮ್ಮ ಜ್ವರ ಪೂರ್ತಿ ಬಿಟ್ಟಿತೇ? ಇಲ್ಲಿ ಎಲ್ಲ ಸರಿಯಾಗಿದೆ. ಜೆ.ಇ. ಬಂದು ಗಟ್ಟಿ ತಂತಿ ಹಾಕಿಸಿದರು. ಹಳೆಯ ವರದಿಯ ಫೈಲು ಆಫೀಸಿನಲ್ಲಿ ಸಿಗಲಿಲ್ಲವಂತೆ. ಸಹಿ ಯಾರದೋ ಇರಲಿ, ಬಿಡಿ. ಬೋರ್ಡಿನ ಕೆಲಸವನ್ನು ನಾವು ಒಂಬತ್ತು ಮನೆಯವರೇ ಮಾಡಿಸಿಕೊಳ್ಳುತ್ತೇವೆ. ನೀವು ಇನ್ನು ಇದರ ಚಿಂತೆ ಮಾಡಬೇಡಿ. ಮಂಡಿಗೆ ವಿಶ್ರಾಂತಿ ಕೊಡಿ.

ಕೋಮಲ


ತಿರುಮಕೂಡಲು ನರಸೀಪುರ
1 ಸೆಪ್ಟೆಂಬರ್ 2001

ಕೋಮಲ,

ನೀನು ಸಣ್ಣವಳಿದ್ದಾಗಿನಿಂದ ಪ್ರಶ್ನೆಯಿಲ್ಲದ ಕಾಗದ ಬರೆದವಳಲ್ಲ. ಮೊನ್ನೆಯದರಲ್ಲಿ ಜ್ವರ ಬಿಟ್ಟಿತೇ ಎನ್ನುವುದೊಂದೇ ಪ್ರಶ್ನೆ. ಅದನ್ನು ಓದಿಯೇ ನಿನಗೆ ಗೊತ್ತಾಗಿದೆ ಎಂದುಕೊಂಡೆ. ಬಸ್ಸು ಹತ್ತಿ ನಿಮ್ಮ ಸೆಕ್ಷನ್ ಆಫೀಸಿಗೆ ಹೋದೆ. ಫೈಲು ಅಲ್ಲೇ ಇದೆ. ನಕಲು ಪಡೆದವರ ಪುಸ್ತಕದಲ್ಲಿ ನಿನ್ನ ಸಹಿಯೂ ಇದೆ.

ನೀನು ಶಿವಸ್ವಾಮಿಯ ಹೆಸರು, ನಾಲ್ಕು ಫ್ಯೂಸು ಬರೆದ ಕಾಗದ ಬಂದ ದಿನವೇ ನನಗೆ ನೆನಪಾಯಿತು. ಜ್ವರ ಬಂದಿರಲಿಲ್ಲ. ಹತ್ತೊಂಬತ್ತು ದಿನ ಕಾಗದ ಎದುರಿಗಿಟ್ಟುಕೊಂಡು ಕೂತಿದ್ದೆ. ಆ ದಿನಗಳಲ್ಲೇ ಟಿ.ವಿ. ಸುಟ್ಟದ್ದು, ನಿನ್ನ ಅಮ್ಮನ ತಲೆಯ ಮೇಲೆ ಗಾಜು ಬಿದ್ದದ್ದು. ಸಹಿ ಹಾಕಿದ್ದಕ್ಕಿಂತ ಇದಕ್ಕೇ ನನಗೆ ನಾಚಿಕೆ ಹೆಚ್ಚು.

ಏಕೆ ಹಾಕಿದೆ ಎಂದು ಕೇಳುತ್ತೀಯ. ಶಿವಸ್ವಾಮಿ ನರಸೀಪುರದ ತಮ್ಮ ಅಂಗಡಿಗೆ ಕರೆಸಿ, ಕುರ್ಚಿ ಹಾಕಿಸಿ ಕೂರಿಸಿದರು. "ಮೇಸ್ತ್ರಿಗಳೇ, ನಿಮ್ ಕಣ್ಣಿಗೆ ಬೀಳ್ದೆ ಇರೋ ಕೆಲ್ಸ ಈ ತಾಲ್ಲೂಕಲ್ಲಿ ಉಂಟಾ? ಅಷ್ಟು ದೂರ ಯಾಕ್ ಬತ್ತೀರಿ, ಇಲ್ಲೇ ಸಹಿ ಆಕ್ಬುಡಿ" ಎಂದರು. ಅವರಪ್ಪನ ಕಾಲದಲ್ಲಿ ಆ ಅಂಗಡಿಯ ಜಗುಲಿಯ ಕೆಳಗೆ ನಿಂತವನು ನಾನು. ಕುರ್ಚಿ ಸಿಕ್ಕಿದ್ದಕ್ಕೆ ಉಬ್ಬಿಹೋದೆ. ಅದಷ್ಟೇ ಆಗಿದ್ದರೆ ಬೇರೆ. ಒಂಬತ್ತು ಮನೆಯ ಬೋರ್ಡನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನನಗೆ ಗೊತ್ತಿದ್ದದ್ದು ಕಂಬ, ಪಂಪ್‌ಸೆಟ್ಟು, ಒಂಟಿ ಮನೆ. ಗೊತ್ತಿಲ್ಲ, ಬಂದು ನೋಡಿ ಕಲಿಯಬೇಕು ಎಂದು ಆ ಕುರ್ಚಿಯಲ್ಲಿ ಕೂತು ಹೇಳಲು ನಾಲಗೆ ಏಳಲಿಲ್ಲ. ನಿನಗೆ ಬರೆದ ನಿಯಮಗಳನ್ನೆಲ್ಲ ನಾನು ಈ ಜೂನ್ ತಿಂಗಳಲ್ಲೇ, ನಿನ್ನ ಪ್ರಶ್ನೆ ಬಂದ ಮೇಲೆ, ಪುಸ್ತಕ ತರಿಸಿಕೊಂಡು ಓದಿದ್ದು.

ನಾನು ನೋಡದೆ ಸಹಿ ಹಾಕಿದೆ. ನೀನು ನೋಡಿ ಸುಮ್ಮನಾದೆ. ನನ್ನ ಮೇಲಿನ ಪ್ರೀತಿಯಿಂದ ಎಂದು ಗೊತ್ತು. ಆದರೆ ಒಂಬತ್ತು ಮನೆಯವರ ತಲೆಯ ಮೇಲೆ ಆ ಪ್ರೀತಿಯನ್ನು ಇಡಬೇಡ ಮಗಳೇ.

ಜೆ.ಇ. ಮೇಡಂಗೆ ಎಲ್ಲ ಬರೆದುಕೊಟ್ಟು ಬಂದಿದ್ದೇನೆ. ಪರ್ಮಿಟನ್ನೂ ಜೊತೆಗೆ ಇಟ್ಟೆ. ಶಿವಸ್ವಾಮಿಗೆ ಈಗ ತಪ್ಪಿಸಿಕೊಳ್ಳಲಾಗದು. ಐದನೇ ತಾರೀಕು ಹೊಸ ಕೆಲಸ ಶುರುವಾಗುವಾಗ ನಿಮ್ಮ ಕಟ್ಟಡಕ್ಕೆ ಬರುತ್ತೇನೆ. ನಿನ್ನ ಮನೆಗೆ ಬಾ ಎಂದು ನೀನು ಕರೆಯಬೇಕಾಗಿಲ್ಲ.

ಮಾರಯ್ಯ


ನಂಜನಗೂಡು
16 ಸೆಪ್ಟೆಂಬರ್ 2001

ದೊಡ್ಡಪ್ಪ,

ಐದನೇ ತಾರೀಕು ನೀವು ಬಂದಿರಿ. ಮೆಟ್ಟಿಲ ಹತ್ತಿರ ಎಲ್ಲರೂ ನಿಂತಿದ್ದಾಗ ಚನ್ನಬಸಮ್ಮ, "ಯಾವನಪ್ಪ ಅವ್ನು ಸಹಿ ಆಕಿದ್ದು? ನನ್ ಟಿ.ವಿ. ಸುಟ್ಟೋನು?" ಎಂದು ಕೇಳಿದರು. ನೀವು "ನಾನೇ ಕಣವ್ವ" ಎಂದಿರಿ. ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದು ಲೋಟ ಕಾಫಿ ಕೊಡಲಿಲ್ಲ. ನೀವು ಮಂಡಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆಯುವುದನ್ನು ಕಿಟಕಿಯಿಂದ ನೋಡಿದೆ, ಕರೆಯಲಿಲ್ಲ. ಆ ಹತ್ತೊಂಬತ್ತು ದಿನ ಸುಮ್ಮನಿದ್ದಿರಲ್ಲ ಎಂದು ಅಷ್ಟು ಸಿಟ್ಟಿತ್ತು. ಇನ್ನೂ ಇದೆ.

ನೀವು ಹೋದ ಮೇಲೆ ಚನ್ನಬಸಮ್ಮ ನಮ್ಮ ಮನೆಗೆ ಬಂದರು. ಒಳಗೆ ಬಂದು ಅಮ್ಮನ ಪಕ್ಕ ಕೂತರು. "ಯಾರೋ ಅನ್ಕಂಡೆ, ನಿನ್ ದೊಡ್ಡಪ್ಪನೇ ಅಂತೆ ಕಣವ್ವ. ಕೋಪ ಬಂತು, ಸುಳ್ಳೇಳಾಕಿಲ್ಲ. ಆದ್ರೆ ಬಂದು ಎದುರ್ಗೆ ನಿಂತ್ಕಂಡ್ರು. ಶಿವಸ್ವಾಮಿ ಬಂದ್ನಾ?" ಎಂದರು. ಟಿ.ವಿ.ಯ ಮಾತು ಆಮೇಲೆ ಎತ್ತಲಿಲ್ಲ.

ಕೆಲಸ ಮೊನ್ನೆ ಮುಗಿಯಿತು. ಮೂರು ಫ್ಯೂಸು, ನ್ಯೂಟ್ರಲ್ಲಿಗೆ ಗಟ್ಟಿ ತಾಮ್ರದ ಪಟ್ಟಿ. ಹೊಸ ವರದಿಯ ಮೇಲೆ ನಿವಾಸಿಗಳ ಪರವಾಗಿ ಒಬ್ಬರ ಸಹಿಯೂ ಇರಲಿ ಎಂದು ಜೆ.ಇ. ಮೇಡಂ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಒಂಬತ್ತು ಮನೆಗೂ ಹೋಗಿ ಒಂದೊಂದು ಸ್ವಿಚ್ಚನ್ನೂ ನೋಡಿದೆ. ಹೊರಗೆ ಮುಚ್ಚಿಬಿಟ್ಟಿದ್ದ ಅರ್ಥಿಂಗ್ ಗುಂಡಿಯನ್ನು ಮತ್ತೆ ಅಗೆಸಿ, ಇದ್ದಿಲು, ಉಪ್ಪು ಹಾಕಿದ್ದಾರೆಯೇ ಎಂದು ನೋಡಿದೆ. ಹೊಸ ಮೇಸ್ತ್ರಿ "ಏನಮ್ಮ, ನನ್ ಮೇಲೆ ನಂಬ್ಕೆ ಇಲ್ವಾ?" ಎಂದು ರೇಗಿದ. ಇಲ್ಲ ಎಂದೆ. ಬೆಳಿಗ್ಗೆ ಶುರು ಮಾಡಿದ್ದು ಮಧ್ಯಾಹ್ನ ಮೂರು ಗಂಟೆಯಾಯಿತು.

ಆಮೇಲೆ ಸಹಿ ಹಾಕಲು ಕೂತೆ. "ಸ್ವತಃ ಪರಿಶೀಲಿಸಿದ್ದೇನೆ" ಎಂಬ ಸಾಲಿನ ಕೆಳಗೆ ಆ ಮೇಸ್ತ್ರಿಯ ಹೆಸರಿತ್ತು. ದೊಡ್ಡಪ್ಪ, ಹಳೆಯ ವರದಿಯಲ್ಲಿ ನಿಮ್ಮ ಹೆಸರು ಕಂಡಾಗ ನಾನು ಅಳಲಿಲ್ಲ. ಹೊಸದರಲ್ಲಿ ಅದು ಇಲ್ಲದ್ದು ಕಂಡಾಗ ಎಲ್ಲರ ಎದುರಿಗೇ ಅತ್ತುಬಿಟ್ಟೆ.

ಬರುವ ಭಾನುವಾರ ಊಟಕ್ಕೆ ಬನ್ನಿ. ಅಮ್ಮ ಕರೆಯುತ್ತಿಲ್ಲ, ನಾನು ಕರೆಯುತ್ತಿದ್ದೇನೆ.

ಕೋಮಲ